ಮಾವಿನ ಅಂಚಿನ ಫೈಲು

ಮೊಳಕಾಲ್ಮೂರಿನಲ್ಲಿ ಸೀರೆ ಅಂಚಿನ ಡಿಸೈನುಗಳನ್ನು ಕಂಪ್ಯೂಟರಿನಲ್ಲಿ ಬಿಡಿಸುವ ವಾಣಿಶ್ರೀಗೆ ಗಂಡ ಚಂದ್ರಶೇಖರನ ಕಟ್ಟಪ್ಪಣೆ ಒಂದೇ: ಒಂದು ಡಿಸೈನಿಗೆ ಒಂದೇ ಫೈಲು, ತಿದ್ದುವುದಿದ್ದರೆ ಅದರಲ್ಲೇ ತಿದ್ದಬೇಕು. ಹಿಂದೊಮ್ಮೆ ‘ಹೊಸದು’, ‘ಹೊಸದು ಎರಡು’, ‘ಇದೇ ಸರಿ’ ಎಂಬ ಫೈಲುಗಳ ನಡುವೆ ಪೇಚಿಗೆ ಸಿಕ್ಕಿ, ಮಗ್ಗಕ್ಕೆ ಹಾಕುವ ತೂತಿನ ಕಾರ್ಡುಗಳನ್ನು ತಪ್ಪು ಡಿಸೈನಿಗೆ ಹೊಡೆದುಬಿಟ್ಟಿದ್ದ. ಓದದೆ ಹೊಡೆದವನು ಅವನು, ಬೈಗುಳ ತಿಂದದ್ದು ಫೈಲುಗಳು. ತಲೆನೋವು ತಪ್ಪಿತೆಂದು ಅವಳೂ ಒಪ್ಪಿಕೊಂಡಿದ್ದಳು.

ಮಾವಿನ ಅಂಚನ್ನೂ ಹಾಗೆಯೇ ತಿದ್ದಿದಳು. ಚಳ್ಳಕೆರೆಯ ವ್ಯಾಪಾರಿಯೊಬ್ಬರಿಗೆ ಮಾವಿನ ತುದಿ ಇನ್ನೊಂದು ಕಡೆಗೆ ಹೊರಳಬೇಕಿತ್ತು. ಹಳೆಯದರ ಮೇಲೆಯೇ ಸೇವ್ ಮಾಡಿ ಮರೆತುಬಿಟ್ಟಳು.

ಮುಂದಿನ ವಾರ ಸೂರಮ್ಮ ಬಂದಳು. ಜೀವಮಾನವೆಲ್ಲ ಊರವರಿಗೆ ರೇಷ್ಮೆ ನೇಯ್ದವಳು, ಮೊದಲ ಸಲ ತನ್ನ ಮನೆಗೆಂದು, ಮಗಳು ರಶ್ಮಿತಾಳ ಮದುವೆಗೆ, ಮಾವಿನ ಅಂಚಿನ ಒಂದು ಸೀರೆಯನ್ನು ಮಗ್ಗಕ್ಕೆ ಹಾಕಿದ್ದಳು. ಅರ್ಧ ಮುಗಿಯುವಷ್ಟರಲ್ಲಿ ಇಲಿ ಕಾರ್ಡುಗಳನ್ನು ಕಡಿದುಹಾಕಿತ್ತು. ಅದೇ ಅಂಚಿಗೆ ಮತ್ತೆ ಕಾರ್ಡು ಹೊಡೆದುಕೊಟ್ಟರೆ ಮದುವೆಯೊಳಗೆ ಮುಗಿಸುತ್ತೇನೆ ಎಂದಳು.

ವಾಣಿಶ್ರೀ ಫೈಲು ತೆರೆದಳು. ಇದರಂತೆ ನೇಯ್ದರೆ ಸೀರೆಯ ಅರ್ಧದಿಂದ ಮಾವುಗಳೆಲ್ಲ ಮಗ್ಗುಲು ಬದಲಿಸುತ್ತವೆ. ಅವಳಿಗೆ ಮುಖ ಎತ್ತಲಾಗಲಿಲ್ಲ.

“ಅಕ್ಕಾ, ಹಳೇದು ಇಲ್ಲ. ನಾನೇ ಅದರ ಮೇಲೆ ತಿದ್ದಿಬಿಟ್ಟೀನಿ.”

ಸೂರಮ್ಮ ಪರದೆಯನ್ನು ಸ್ವಲ್ಪ ಹೊತ್ತು ನೋಡಿದಳು. “ಬಿಡವ್ವ, ಇದನ್ನೇ ಹೊಡ್ಕೊಡು. ನೆರಿಗೇಲಿ ಮುಚ್ಚಿಹೋಗ್ತೈತೆ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ. ಆ ಮಾತು ಕೇಳಿ ವಾಣಿಶ್ರೀಗೆ ಸುಮ್ಮನೆ ಕೂರಲಾಗಲಿಲ್ಲ. ಭೂತಗನ್ನಡಿ, ಚೌಕಳಿ ಕಾಗದ ಹಿಡಿದು ಸೂರಮ್ಮನ ಮನೆಗೇ ಹೋದಳು. ಮಗ್ಗದ ಮೇಲಿದ್ದ ಅರ್ಧ ಸೀರೆಗೆ ಕಣ್ಣು ಅಂಟಿಸಿ, ಎಳೆ ಎಳೆಯಾಗಿ ಎಣಿಸುತ್ತ ಹಳೆಯ ಮಾವನ್ನು ಕಾಗದಕ್ಕೆ ಇಳಿಸಿದಳು. ಕಣ್ಣಲ್ಲಿ ನೀರು ಬಂದಾಗ ಒರೆಸಿಕೊಂಡು, ಲೆಕ್ಕ ತಪ್ಪಿದಾಗ ಮೊದಲಿನಿಂದ ಶುರು ಮಾಡಿದಳು. ಮನೆಗೆ ಬಂದು ಕಂಪ್ಯೂಟರಿನಲ್ಲಿ ಬಿಡಿಸಿ ಮುಗಿಸಿದಾಗ, ಹಳೆಯ ಫೈಲಿನ ಮೇಲೆಯೇ ಬರೆಯಲೇ ಎಂದು ಅದು ಕೇಳಿತು. ಬೇಡವೆಂದು ಒತ್ತಿ, ‘ಸೂರಮ್ಮನ ಮಾವು’ ಎಂದು ಬೇರೆ ಹೆಸರು ಕೊಟ್ಟಳು.

ಕಾರ್ಡು ಹೊಡೆಯಲು ಬಂದ ಚಂದ್ರಶೇಖರ್ ಎರಡು ಫೈಲು ಕಂಡು ಮುಖ ಗಂಟಿಕ್ಕಿದ. ಮತ್ತೆ ಅದೇ ಗೊಂದಲ ಯಾಕೆ ಎಂದು ರೇಗಿದ.

“ಹೆಸರು ಓದ್ಕಂಡು ಹೊಡೀರಿ,” ಎಂದಳು ವಾಣಿಶ್ರೀ. “ಆ ಹುಡುಗಿ ಹಸೆಗೆ ಕೂರೋ ಸೀರೆ ಅದು.”

ಅವನು ಕನ್ನಡಕ ಹುಡುಕಿ ಹಾಕಿಕೊಂಡು, ಪರದೆಯ ಮೇಲೆ ಬೆರಳಿಟ್ಟು ಓದಿ, ಆಮೇಲೆ ಯಂತ್ರ ಶುರು ಮಾಡಿದ.