ಅಂಟಿಸಿದ ಲಾಳಿ

ನಾನು ಒಂದು ಲಾಳಿ. ನೂಲು ಹೊತ್ತು ಮಗ್ಗದ ಮೇಲೆ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಓಡುವುದೇ ನನ್ನ ಕುಲಧರ್ಮ. ನಿಂತುಹೋದ ಲಾಳಿ ಬರಿಯ ಕಟ್ಟಿಗೆ. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನನ್ನ ಸಿಟ್ಟಿನ ಬೇರು ಇರುವುದು ಇಲ್ಲಿಯೇ. ನನ್ನ ಮೈಗೆ ಮೆತ್ತಿರುವ ಬಂಗಾರದ ಬಣ್ಣವನ್ನು ಕಂಡು ಯಾರೂ ಅಲಂಕಾರವೆಂದು ತಿಳಿಯಬಾರದು. ಅದು ನನಗಾದ ಅವಮಾನದ ಗುರುತು.

ಗುಳೇದಗುಡ್ಡದ ಬಡಿಗನೊಬ್ಬ ಗಟ್ಟಿ ಮರದ ತುಂಡನ್ನು ದೋಣಿಯಂತೆ ಕೆತ್ತಿ, ಒಡಲು ತೋಡಿ, ಎರಡು ತುದಿಗೂ ಕಬ್ಬಿಣದ ಮೊನೆ ತೊಡಿಸಿ ನನ್ನನ್ನು ಹುಟ್ಟಿಸಿದ. ನೂಲು ಸುತ್ತಿದ ಕಂಡಿಕೆಯನ್ನು ಒಡಲಲ್ಲಿ ಕೂರಿಸಿದರೆ ನನಗೆ ಜೀವ. ಹಂಪವ್ವನೆಂಬ ನೇಕಾರ್ತಿ ನನ್ನನ್ನು ಮನೆಗೆ ತಂದಳು. ಅವಳು ಮಗ್ಗದ ಕೆಳಗಿನ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ನೇಯುವಾಗ ನನಗೆ ಕಾಣುತ್ತಿದ್ದದ್ದು ಅವಳ ಗದ್ದ, ಹಣೆಯ ವಿಭೂತಿ, ಮೇಲೆ ಹೊಗೆ ಹಿಡಿದ ಜಂತಿ. ಅಷ್ಟೇ ಜಗತ್ತು, ಅದು ಸಾಕಾಗಿತ್ತು. ನಾವಿಬ್ಬರೂ ಕೂಡಿ ನೇಯ್ದ ರವಿಕೆಯ ಖಣಗಳನ್ನು ತೊಟ್ಟು ಎಷ್ಟೋ ಹೆಣ್ಣುಮಕ್ಕಳು ಗಂಡನ ಮನೆಗೆ ಹೋದರು.

ಹಂಪವ್ವನ ಮೊಣಕಾಲು ಸೋತ ಮೇಲೆ ಮಗ ಮಾಗುಂಡಪ್ಪ ಮಗ್ಗವನ್ನು ಬಿಚ್ಚಿ ಮಾರಿದ. ಕುಣಿಗೆ ಮಣ್ಣು ತುಂಬಿ, ಮೇಲೆ ಕಲ್ಲು ಹಾಸಿ, ಅದರ ಮೇಲೆ ಝೆರಾಕ್ಸ್ ಯಂತ್ರವನ್ನು ತಂದಿಟ್ಟ. ಶಾಲೆಯಲ್ಲಿ ಅವನ ಅಂಗಿಯಿಂದ ನೂಲಿನ ಗಂಜಿಯ ವಾಸನೆ ಬರುತ್ತದೆಂದು ಹುಡುಗರು ಮೂಗು ಮುಚ್ಚಿಕೊಳ್ಳುತ್ತಿದ್ದರಂತೆ. ಆ ಉರಿಯನ್ನು ಅವನು ಮಗ್ಗದ ಮೇಲೆ ತೀರಿಸಿಕೊಂಡ. ಹಂಪವ್ವ ನನ್ನೊಬ್ಬನನ್ನು ಸೆರಗಿನಲ್ಲಿ ಮುಚ್ಚಿ ತಂದು ಗೋಡೆಯ ಗೂಡಿನಲ್ಲಿಟ್ಟಳು. ಮಾಗುಂಡಪ್ಪನ ಅಂಗಡಿ ಚೆನ್ನಾಗಿ ನಡೆಯಿತು. ಮಕ್ಕಳಿಗೆ ಶಾಲೆಯಲ್ಲಿ ಹೇಳಿದ ‘ಪ್ರಾಜೆಕ್ಟ್’ಗಳಿಗೆ ಬೇಕಾದ ಚಿತ್ರ, ಬರಹ, ಬಣ್ಣದ ಹಾಳೆ ಎಲ್ಲವೂ ಅಲ್ಲಿ ಸಿದ್ಧವಾಗಿ ಸಿಗುತ್ತಿದ್ದವು. ತಂದೆತಾಯಿಗಳು ಬಂದು ಒಯ್ಯುತ್ತಿದ್ದರು. ಮಕ್ಕಳು ಹೊರಗೆ ನಿಂತು ಐಸ್‌ಕ್ಯಾಂಡಿ ಚೀಪುತ್ತಿದ್ದರು.

ಅವನ ಮಗಳು ದಾಕ್ಷಾಯಣಿ ನಾಲ್ಕನೆಯ ತರಗತಿಯವಳು. ದಸರೆಯ ರಜೆಯ ಮೊದಲ ದಿನವೇ ಅಜ್ಜಿಯ ಮಡಿಲಲ್ಲಿ ಮುಖ ಹುದುಗಿಸಿ ಅತ್ತಳು.

“ಆಯಿ, ನನಗ ಮೂರರ ಮಗ್ಗಿ ಬರೂದಿಲ್ಲ ಅಂತ ಹಿಂದಿನ ಬೆಂಚಿಗೆ ಹಾಕ್ಯಾರ. ಅಲ್ಲಿ ಕುಂತೋರಿಗೆ ಎಲ್ಲಾರೂ ದಡ್ಡರು ಅಂತಾರ.”

“ಮುಂದಕ್ಕ ಬರಾಕ ಏನ್ ಮಾಡಬೇಕಂತ?”

“ಮನ್ಯಾಗಿನ ಸಾಮಾನಿಲೇ, ನಮ್ಮ ಕೈಯಿಂದನ ಏನರ ಮಾಡ್ಕೊಂಡು ಬರ್ರಿ ಅಂದಾರ ಸಾಲಿ ಅಕ್ಕೋರು. ಅದರಾಗ ಲೆಕ್ಕ ಎಲ್ಲೈತಿ, ವಿಜ್ಞಾನ ಎಲ್ಲೈತಿ, ನಾವ ಹೇಳಬೇಕು. ಛಲೋ ಹೇಳಿದ್ರ ಮುಂದಿನ ಬೆಂಚು.”

“ಬಾಯಿಗೆ ಬರದಿದ್ರ ಕೈಗೆ ಬರ್ತೈತಿ. ಏಳು, ಆ ಸ್ಟೂಲ್ ಬೋರಲ ಹಾಕು.”

ಬೋರಲು ಬಿದ್ದ ಸ್ಟೂಲಿನ ನಾಲ್ಕು ಕಾಲುಗಳಿಗೆ ಹಾಸುನೂಲು ಬಿಗಿದು ಹಂಪವ್ವ ಪುಟ್ಟ ಮಗ್ಗವೊಂದನ್ನು ಹೂಡಿದಳು. ಎಷ್ಟೋ ವರ್ಷಗಳ ಮೇಲೆ ನನ್ನ ಒಡಲಿಗೆ ಕಂಡಿಕೆ ಬಿತ್ತು. ಹುಡುಗಿಯ ಕೈ ಎಳೆಯದು. ನಾನು ಜಾರಿ ಅವಳ ಕಾಲ ಮೇಲೆ ಬಿದ್ದೆ, ನೂಲು ಹರಿದೆ, ಬೈಸಿಕೊಂಡೆ. ಹರಿದ ಎಳೆಯನ್ನು ಹೊಸ ಎಳೆಯೊಡನೆ ಬೂದಿ ಹಚ್ಚಿದ ಬೆರಳಿನಿಂದ ಹೊಸೆದು ಸೇರಿಸುವುದಕ್ಕೆ ನೇಕಾರರು ಕೆಚ್ಚುವುದು ಎನ್ನುತ್ತಾರೆ. ಅವಳು ಎಲ್ಲಕ್ಕಿಂತ ಮೊದಲು ಕಲಿತದ್ದು ಅದನ್ನೇ.

ನೂಲಿಗೆ ಬಣ್ಣ ಬೇಕಾಯಿತು. ಅರಿಷಿಣದ ನೀರಿಗೆ ಅಜ್ಜಿ ಚಿಟಿಕೆ ಸುಣ್ಣ ಹಾಕಿದ್ದೇ ತಡ, ಹಳದಿ ನೀರು ಕೆಂಪಗಾಯಿತು.

“ಆಯಿ, ನೀ ಮಾಟಗಾತಿ!”

“ಹೌದು ನೋಡವಾ. ನಿಮ್ಮಪ್ಪನ್ನ ಮನಿಷ್ಯಾನ್ನ ಮಾಡೂ ಮಾಟ ಒಂದು ಬರವಲ್ದು.”

ನಾನು ಒಮ್ಮೆ ಹಾದರೆ ಒಂದು ಹೊಕ್ಕು. ಮೂರು ಹೊಕ್ಕಿಗೊಂದು ಬಣ್ಣವೆಂದು ಅಜ್ಜಿ ನೇಮಿಸಿದಳು. ಪಟ್ಟೆ ಏರಿದಂತೆಲ್ಲ ದಾಕ್ಷಾಯಣಿ ಬೆರಳಿಟ್ಟು ಎಣಿಸಿದಳು: ಮೂರು, ಆರು, ಒಂಬತ್ತು. ಬಾಯಿಪಾಠಕ್ಕೆ ದಕ್ಕದ ಮಗ್ಗಿ ಬಟ್ಟೆಯಾಗಿ ಅವಳ ಮುಂದೆ ಹಾಸಿಕೊಂಡಿತು. ಆಮೇಲೆ ಒಂದೊಂದು ಪಟ್ಟೆಯೂ ಓಣಿಯ ಒಂದೊಂದು ಮನೆಯಾಯಿತು. ಹಿಟ್ಟಿನ ಗಿರಣಿ ಬಿಳಿ, ಬಳೆಗಾರರ ಮನೆ ಕೆಂಪು. ಆ ಮನೆಗಳ ಕಥೆಗಳನ್ನು ಅಜ್ಜಿ ಹೇಳಿದಳು. ಮೊಮ್ಮಗಳು ತಿರುಗಿ ತನ್ನ ಮಾತಿನಲ್ಲಿ ಹೇಳಿ ಒಪ್ಪಿಸಿದಳು. ಓಣಿ ಶಾಲೆಯನ್ನು ಮುಟ್ಟುವುದಕ್ಕೆ ಇನ್ನು ಕೆಲವೇ ಪಟ್ಟೆ ಉಳಿದಿದ್ದವು.

ಶಾಲೆಯ ಪ್ರದರ್ಶನದ ಹಿಂದಿನ ಸಂಜೆ ಹಂಪವ್ವ ಮಠಕ್ಕೆ ಪುರಾಣ ಕೇಳಲು ಹೋಗಿದ್ದಳು. ಮಾಗುಂಡಪ್ಪ ಥರ್ಮಾಕೋಲಿನ ಮಗ್ಗವೊಂದನ್ನು ಹೊತ್ತು ಒಳಗೆ ಬಂದ.

“ಈ ಸ್ಟೂಲ್ ಒಯ್ತೀಯೇನ? ಊರ ಮಂದಿ ನಗ್ತಾರ.”

“ನಮ್ಮ ಕೈಯಿಂದನ ಮಾಡಬೇಕಂತ, ಅಪ್ಪಾ.”

“ನನ್ನ ಕೈ ನಿನ್ನ ಕೈ ಅಲ್ಲೇನ? ಲಾಳಿ ಕೊಡು. ಒಂದರ ಒರಿಜಿನಲ್ ಇರ್ಲಿ.”

ನಾನು ಹಾಸುನೂಲಿನ ನಡುವೆ ಸಿಕ್ಕಿಕೊಂಡಿದ್ದೆ. ಬಿಡಿಸುವಷ್ಟು ತಾಳ್ಮೆ ಅವನಿಗೆಲ್ಲಿ? ಕತ್ತರಿ ತಂದು ಹಾಸನ್ನೇ ಕತ್ತರಿಸಿದ. ನೇಕಾರ್ತಿಯ ಹೊಟ್ಟೆಯಲ್ಲಿ ಹುಟ್ಟಿದವನು, ನೇಯ್ದು ಮುಗಿಯದ ಹಾಸಿನ ಮೇಲೆ ಕತ್ತರಿಯಿಟ್ಟ! ನನ್ನ ಮೈಗೆ ಬಂಗಾರದ ಬಣ್ಣ ಬಳಿದ. ಒಡಲ ತುಂಬ ಅಂಟು ಸುರಿದು, ಥರ್ಮಾಕೋಲಿಗೆ ಅದುಮಿ ಅಂಟಿಸಿದ. ಓಡುವುದಕ್ಕೆಂದೇ ಹುಟ್ಟಿದ ಲಾಳಿಯನ್ನು ಅಂಟಿಸುವ ಬುದ್ಧಿ ಬೇರೆ ಊರಿನ ಯಾರಿಗೆ ಬಂದಿದ್ದರೂ ಅರಿಯದವರೆಂದು ಬಿಟ್ಟುಬಿಡುತ್ತಿದ್ದೆ.

ಹಂಪವ್ವ ಬಂದಳು, ನೋಡಿದಳು. “ಯಾವ ಕೈಲೆ ಕತ್ತರಿಸಿದ್ಯೋ?” ಎಂದಳು. ಕತ್ತರಿಸಿದ ಬಟ್ಟೆಯ ಪಟ್ಟಿಯನ್ನು ಸುರುಳಿ ಸುತ್ತಿ, ನೂಲಿನ ಲಡಿಯೊಂದಿಗೆ ತನ್ನ ಚೀಲದಲ್ಲಿಟ್ಟುಕೊಂಡಳು.

ಮರುದಿನ ಶಾಲೆಯ ಪಡಸಾಲೆಯಲ್ಲಿ ಥರ್ಮಾಕೋಲಿನ ಸಂತೆಯೇ ನೆರೆದಿತ್ತು. ಹಿಮಾಲಯಗಳೆಲ್ಲವೂ ಒಂದೇ ಎತ್ತರ. ಹೃದಯದ ಚಿತ್ರಗಳೆಲ್ಲವೂ ಮಾಗುಂಡಪ್ಪನ ಯಂತ್ರದಿಂದಲೇ ಬಂದವು. ಎಲ್ಲದರ ಮೂಲೆಯಲ್ಲೂ ಒಂದೇ ಕಪ್ಪು ಮಸಿಯ ಕಲೆ. ಮಕ್ಕಳು ಗಿಳಿಪಾಠ ಒಪ್ಪಿಸುತ್ತಿದ್ದರು. ಹಿಂದೆ ನಿಂತ ತಂದೆತಾಯಿಗಳ ತುಟಿಗಳೂ ಅಲುಗುತ್ತಿದ್ದವು. ನನಗೆ ಮೈಯೆಲ್ಲ ಉರಿದುಹೋಯಿತು. ಮಕ್ಕಳಿಗೆ ಕೊಟ್ಟ ಕೆಲಸವನ್ನು ಕಸಿದುಕೊಂಡು, ಅದಕ್ಕೆ ಮಮತೆಯೆಂದು ಹೆಸರಿಟ್ಟುಕೊಂಡಿದ್ದೀರಲ್ಲ, ನಾಚಿಕೆಯಾಗುವುದಿಲ್ಲವೆ ನಿಮಗೆ?

ಅಕ್ಕೋರು ನಮ್ಮ ಮುಂದೆ ಬಂದು ನಿಂತರು. ಅಪ್ಪ ಬರೆದುಕೊಟ್ಟದ್ದನ್ನು ದಾಕ್ಷಾಯಣಿ ಎರಡು ಸಾಲು ಹೇಳುವಷ್ಟರಲ್ಲಿ ಅವರು ತಡೆದರು.

“ಇರ್ಲಿ ಬಿಡವಾ. ಈ ಲಾಳಿ ಹೆಂಗ ಓಡ್ತೈತಿ, ತೋರಿಸು.”

ಹುಡುಗಿ ಅಪ್ಪನ ಮುಖ ನೋಡಿದಳು, ನನ್ನನ್ನು ನೋಡಿದಳು.

“ಓಡೂದಿಲ್ರೀ ಅಕ್ಕೋರ. ಅಂಟಿಸ್ಯಾರ.”

ಎಂದವಳೇ ಎರಡೂ ಕೈಯಿಂದ ನನ್ನನ್ನು ಹಿಡಿದು ಕಿತ್ತಳು. ಥರ್ಮಾಕೋಲು ಕಿರ್ರೆಂದು ಸೀಳಿತು. “ಏ, ಮುರದ್ಯಲ್ಲ!” ಎಂದು ಮಾಗುಂಡಪ್ಪ ಕೂಗಿದ. ಅವಳು ಆಗಲೇ ಹಿಂದುಗಡೆ ಕೂತಿದ್ದ ಅಜ್ಜಿಯ ಬಳಿ ಓಡಿದ್ದಳು.

“ಆಯಿ, ಪಟ್ಟಿ ಕೊಡು.”

ಶಾಲೆಯ ಸ್ಟೂಲು ಬೋರಲಾಯಿತು. ಕತ್ತರಿಸಿದ ಎಳೆಗಳು ಕಾಲಿಗೆ ಎಟುಕಲಿಲ್ಲ. ಒಂದೊಂದಕ್ಕೂ ಹೊಸ ನೂಲು ಕೆಚ್ಚಬೇಕು, ಬೂದಿ ಇಲ್ಲ. ಅವಳು ಅಜ್ಜಿಯ ಹಣೆಯ ವಿಭೂತಿಗೆ ಬೆರಳು ಒತ್ತಿ, ಹೊಸೆಯತೊಡಗಿದಳು. ನೂಲಿನ ಇನ್ನೊಂದು ತುದಿ ಹಿಡಿಯಲು ಕೈ ಸಾಲದಾದಾಗ ಯಾರೋ ಎದುರಿಗೆ ಮೊಣಕಾಲೂರಿ ಕೂತರು. ಮಾಗುಂಡಪ್ಪ. ಹಿಡಿದವನು ಸುಮ್ಮನಿರಲಿಲ್ಲ. ಅವನ ಹೆಬ್ಬೆರಳು ತೋರುಬೆರಳಿನ ಮೇಲೆ ತಾನಾಗಿಯೇ ಹೊರಳಿ ಎಳೆಯೊಂದನ್ನು ಕೆಚ್ಚಿತು, ನೋಡದೆ, ತಪ್ಪದೆ. ಹಂಪವ್ವನ ಕಣ್ಣು ತುಂಬಿ ಬಂತು. ನನ್ನ ಸಿಟ್ಟು ಮಾತ್ರ ಇಮ್ಮಡಿಯಾಯಿತು. ಆ ಬೆರಳುಗಳು ಏನನ್ನೂ ಮರೆತಿರಲಿಲ್ಲ! ಎಲ್ಲ ಬಲ್ಲ ಕೈಯೇ ಕತ್ತರಿ ಹಿಡಿದಿತ್ತು.

ಒಡಲಲ್ಲಿ ಅಂಟು ಗಟ್ಟಿಯಾಗಿದ್ದುದರಿಂದ ಕಂಡಿಕೆ ಕೂರಲಿಲ್ಲ. ನನ್ನ ನಡುವಿಗೇ ನೂಲು ಸುತ್ತಿ ಅವಳು ದಾಟಿಸಿದಳು. ಕುಂಟುತ್ತ ಓಡಿದೆ, ಆದರೂ ಓಡಿದೆ. ಪಟ್ಟೆ ಪಟ್ಟೆಗೆ ಬೆರಳಿಟ್ಟು ಅವಳು ಮಗ್ಗಿ ಹೇಳಿದಳು, ಸುಣ್ಣದ ಗುಟ್ಟು ಹೇಳಿದಳು, ಓಣಿಯ ಕಥೆ ಹೇಳಿದಳು, ಕೊನೆಯ ಪಟ್ಟೆಯಲ್ಲಿ ಶಾಲೆಯನ್ನು ಮುಟ್ಟಿಸಿದಳು. ಬಹುಮಾನ ಬೆಂಕಿಯುಗುಳುವ ಥರ್ಮಾಕೋಲಿನ ಗುಡ್ಡವೊಂದಕ್ಕೆ ಹೋಯಿತು. ದಾಕ್ಷಾಯಣಿ ಮುಂದಿನ ಬೆಂಚಿಗೆ ಹೋದಳು.

ಈಗ ನಾನು ಮತ್ತೆ ಗೋಡೆಯ ಗೂಡಿನಲ್ಲಿದ್ದೇನೆ. ವಯಸ್ಸಾಗಿದೆ, ಒಂದು ಮೊನೆ ಸಡಿಲಿದೆ. ಮಧ್ಯಾಹ್ನ ಅಂಗಡಿಗೆ ಯಾರೂ ಬಾರದ ಹೊತ್ತಿನಲ್ಲಿ ಮಾಗುಂಡಪ್ಪ ನನ್ನನ್ನು ತೊಡೆಯ ಮೇಲಿಟ್ಟುಕೊಂಡು ಮೊಳೆಯಿಂದ ಅಂಟನ್ನು ಕೆರೆಯುತ್ತಾನೆ. ಕೆರೆಯಲಿ. ಒಡಲು ಬರಿದಾಗಿ ಕಂಡಿಕೆ ಕೂತ ದಿನ ಕ್ಷಮೆಯ ಮಾತು.

ನಿನ್ನೆ ಮಗಳು ಬಂದು ಕೈಚಾಚಿದಳು. “ಕೊಡಪ್ಪಾ, ನಾ ಕೆರೀತೀನಿ.”

“ಕೈಗೆ ಚುಚ್ಚೀತು” ಎಂದರೂ ಮೊಳೆಯನ್ನೂ ನನ್ನನ್ನೂ ಅವಳಿಗೆ ಕೊಟ್ಟ. ಕೊಟ್ಟು, ತನ್ನ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತ.

ಅವಳಿಗೆ ಇನ್ನೂ ಸರಿಯಾಗಿ ಬರುವುದಿಲ್ಲ. ಮೊಳೆ ಜಾರುತ್ತದೆ, ನನ್ನ ಮೈಗೆ ಗೀರು ಬೀಳುತ್ತದೆ. ಬೀಳಲಿ. ಆ ಗೀರುಗಳ ಮೇಲೆ ನನಗೆ ಸಿಟ್ಟಿಲ್ಲ.