ತೂಕ ಇಳಿಸಿದ ಜಾಕಿ

ನನ್ನ ಗಂಡ ಅನ್ಸೆಲ್ಮೊ ಮೊಂಟೆವಿಡಿಯೊದ ಕುದುರೆ ಪಂದ್ಯಗಳಲ್ಲಿ ಮೂವತ್ತು ವರ್ಷ ಜಾಕಿಯಾಗಿದ್ದವನು. ಅವನ ಕ್ಯಾನ್ಸರ್ ಬೆನ್ನುಮೂಳೆಗೆ ಹರಡಿತ್ತು. ಆಪರೇಷನ್ ಆಗದಿದ್ದರೆ ನಡೆಯುವುದೇ ನಿಂತುಹೋಗುತ್ತದೆ ಎಂದಿದ್ದರು ಡಾಕ್ಟರ್ ಗ್ರಾಸಿಯೆಲಾ. ಆಪರೇಷನ್ನಿಗೆ ಮೊದಲು ಅವನ ತೂಕ ನೋಡಿದರು.

“ನಲವತ್ತಾರು ಕಿಲೊ,” ಎಂದು ಅವನೇ ಹೆಮ್ಮೆಯಿಂದ ಓದಿದ. “ಹದಿನೈದು ದಿನದಲ್ಲಿ ನಾಲ್ಕು ಕಿಲೊ ಇಳಿಸಿದೀನಿ.”

ಡಾಕ್ಟರ್ ರಕ್ತದ ವರದಿಯನ್ನೂ ಸೇರಿಸಿ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದರು.

“ಇಷ್ಟು ಸೊರಗಿದವರು ಹತ್ತು ಜನ ಇದ್ರೆ, ನಾಲ್ಕು ಜನಕ್ಕೆ ಆಪರೇಷನ್ ಗಾಯ ಕೂಡಲ್ಲ, ಕೀವಾಗುತ್ತೆ. ಉಪವಾಸ ಇರಿ ಅಂತ ಯಾರಂದ್ರು ನಿಮಗೆ?”

“ಯಾರ್ ಹೇಳ್ಬೇಕು ತಾಯಿ? ತೂಕ ಜಾಸ್ತಿ ಬಂದ್ರೆ ಜಾಕಿನ ಓಟದಿಂದ ಹೊರಗೆ ಹಾಕ್ತಾರಲ್ಲ, ಇಲ್ಲೂ ಹಂಗೇ ಅಂದ್ಕೊಂಡೆ.”

ಅವನು ತಟ್ಟೆ ಸರಿಸಿದಾಗಲೆಲ್ಲ, ರೋಗವೇ ಊಟ ಬಿಡಿಸುತ್ತಿದೆ ಎಂದುಕೊಂಡು ನಾನು ಹಿತ್ತಲಿಗೆ ಹೋಗಿ ಅತ್ತಿದ್ದೆ.

“ಈಗ ನೀನು ಜಾಕಿ ಅಲ್ಲ ಕಣೋ ಪೆದ್ದ, ಕುದುರೆ,” ಎಂದೆ. “ಮೇವು ತಿನ್ನು.”

ಡಾಕ್ಟರ್ ನಕ್ಕು, ತಿಂದು ಮೈ ಹತ್ತಿಸಿಕೊಳ್ಳಲು ಹತ್ತು ದಿನ ಗಡುವು ಕೊಟ್ಟರು. ಕಾಲು ಸ್ವಲ್ಪ ಸೋತರೂ ತಕ್ಷಣ ಕರೆತರಬೇಕೆಂದರು.

ಮನೆಗೆ ಬಂದು ಮೂಳೆ ಸಮೇತ ದನದ ಮಾಂಸ, ಕುಂಬಳಕಾಯಿ ಹಾಕಿ ಸಾರು ಕುದಿಸಿದೆ. ನಲವತ್ತು ವರ್ಷದ ಸಂಸಾರದಲ್ಲಿ ಎಂದೂ ಎರಡನೇ ಸಲ ಬಡಿಸಿಕೊಳ್ಳದವನು ಅಂದು ತಟ್ಟೆ ಚಾಚಿದ.

“ಮುದುಕಿ, ಆ ಮೂಳೆಯೊಳಗಿನ ಮಜ್ಜೆ ಯಾರಿಗಿಟ್ಟಿದೀಯ?”

ಅದು ಯಾವಾಗಲೂ ನನ್ನ ಪಾಲು. ಬ್ರೆಡ್ಡಿಗೆ ಸವರಿ, ಉಪ್ಪು ಉದುರಿಸಿ ಅವನ ಕೈಗಿತ್ತೆ.