ಫಾರ್ವರ್ಡ್ ಮಾಡಿದೆ ಅಷ್ಟೆ

ಫಾರ್ವರ್ಡ್ ಎಂಬ ಪದ ನಮ್ಮ ಮನೆಯೊಳಗೆ ಬಂದದ್ದು ಪೇಚಿಯ ಹಾಕಿ ಕೋಲಿನ ಜೊತೆಗೆ. ಪೇಚಿ ನನ್ನ ಅಣ್ಣ ಅಯ್ಯಾದುರೈಯ ಮಗಳು. ಹಾಕಿಗೆ ಹೆಸರಾದ ನಮ್ಮೂರು ಕೋವಿಲ್‌ಪಟ್ಟಿಯ ಮಕ್ಕಳು ನಡೆಯುವುದಕ್ಕೆ ಮೊದಲೇ ಕೋಲು ಹಿಡಿಯುತ್ತವೆ ಎಂದು ತಮಾಷೆ ಮಾಡುತ್ತೇವೆ. ಇವಳು ಹಿಡಿದದ್ದನ್ನು ಬಿಡಲೇ ಇಲ್ಲ. ಆರನೇ ಕ್ಲಾಸಿನಲ್ಲಿದ್ದಾಗ ಒಂದು ಸಂಜೆ ಓಡಿಬಂದು, "ಅತ್ತೆ, ನನ್ನ ಫಾರ್ವರ್ಡ್ ಮಾಡಿದ್ರು" ಅಂದಳು. ಎಲ್ಲಿಗೆ ಕಳಿಸಿಬಿಟ್ಟರೋ ಎಂದು ನನಗೆ ಗಾಬರಿ. "ಕಳಿಸೋದಲ್ಲ ಅತ್ತೆ, ಮುಂದೆ ನಿಂತು ಗೋಲು ಹೊಡೆಯೋಳು" ಎಂದು ನಕ್ಕಳು. ನಮ್ಮ ತಮಿಳಿನಲ್ಲಿ ಪೇಚ್ಚು ಎಂದರೆ ಮಾತು; ಹೆಸರು ಪೇಚಿ ಎಂದಿದ್ದರೂ ಇವಳಿಗೆ ಮಾತು ಕಡಿಮೆ. ಅಷ್ಟು ಮಾತಾಡಿದ್ದೇ ಅವತ್ತು ಹೆಚ್ಚು.

ನಾನು ಶೆಂಬಗವಲ್ಲಿ. ಬೆಂಕಿಕಡ್ಡಿ ಕಾರ್ಖಾನೆಯಲ್ಲಿ ಪೊಟ್ಟಣ ತುಂಬುತ್ತೇನೆ. ಗಂಡ ತೀರಿಹೋಗಿ ಬಹಳ ಕಾಲವಾಯಿತು. ಒಬ್ಬನೇ ಮಗ, ಸುಡಲೈಮಣಿ, ಬಸ್ ಸ್ಟ್ಯಾಂಡಿನ ಹತ್ತಿರ ಫ್ಲೆಕ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ. ಮದುವೆಯಾಗಲಿ, ಕಿವಿ ಚುಚ್ಚುವುದಾಗಲಿ, ಸಾವಾಗಲಿ, ಬೀದಿಯಲ್ಲಿ ಫ್ಲೆಕ್ಸ್ ಕಟ್ಟದಿದ್ದರೆ ನಮ್ಮವರಿಗೆ ಅದು ನಡೆದಂತೆಯೇ ಅಲ್ಲ. ಮಣಿ ಪೇಚಿಗೆ ಸೋದರತ್ತೆಯ ಮಗ. ಅವಳು ತೊಟ್ಟಿಲಲ್ಲಿದ್ದಾಗಲೇ ಅವಳು ಇವನಿಗೆ ಎಂದು ಬೀದಿಯವರೆಲ್ಲ ತೀರ್ಮಾನ ಮಾಡಿಬಿಟ್ಟಿದ್ದರು. ನಾನು ಹೌದು ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ.

ಈ ಸಲ ಜಿಲ್ಲೆಯ ಫೈನಲ್ಲಿನಲ್ಲಿ ಪೇಚಿ ಹೊಡೆದ ಗೋಲಿನಿಂದ ಅವಳ ಶಾಲೆಯ ತಂಡ ಗೆದ್ದಿತು. ಚೆನ್ನೈಯ ಹಾಕಿ ಹಾಸ್ಟೆಲಿನಲ್ಲಿ ಅವಳಿಗೆ ಜಾಗ ಸಿಕ್ಕಿತು. ಶುಕ್ರವಾರ ಸಂಜೆ ರೈಲು. ಆ ವಾರದ ಮೊದಲಿಗೇ ಒಂದು ಚಿತ್ರ ಬೀದಿಯವರ ಫೋನುಗಳಿಗೆಲ್ಲ ಬಂದು ಬಿತ್ತು.

ಚಿತ್ರದಲ್ಲಿ ಪೇಚಿ ಯಾರೋ ದಾಂಡಿಗನ ಕುತ್ತಿಗೆಗೆ ಜೋತುಬಿದ್ದಿದ್ದಾಳೆ. ಅವನಿಗೆ ಅಗಲ ಎದೆ, ತಲೆಗೆ ಹೆಲ್ಮೆಟ್, ಬೈಕಿನಿಂದ ಈಗಷ್ಟೇ ಇಳಿದವನ ಹಾಗೆ. ಕೆಳಗೆ ಒಂದು ಸಾಲು: "ನಮ್ಮ ಬೀದಿಯ ಫಾರ್ವರ್ಡ್ ಎಷ್ಟು ಫಾರ್ವರ್ಡ್ ಆಗಿದ್ದಾಳೆ ನೋಡಿ!" ನಾಚಿಕೆಗೆಟ್ಟವಳು ಎಂಬ ಅರ್ಥವೂ ಆ ಪದಕ್ಕಿದೆ ಎಂದು ನನಗೆ ಆಗ ಗೊತ್ತಾಯಿತು. ಗಂಡುಹುಡುಗರಿಗೆ ಆ ಅರ್ಥ ಹತ್ತುವುದಿಲ್ಲವಂತೆ. ಅವರಿಗೆ ಎಲ್ಲ ಪದಗಳೂ ಒಳ್ಳೆಯವೇ.

ಆ ದಾಂಡಿಗ ಯಾರು ಗೊತ್ತೇ? ಜೆಬಾರಾಣಿ. ಪೇಚಿಯ ತಂಡದ ಗೋಲ್‌ಕೀಪರ್. ಗೋಲ್‌ಕೀಪರ್ ಎಂದರೆ ಎದೆಗೆ ದಪ್ಪ ದಿಂಬಿನಂಥ ಕವಚ, ತಲೆಗೆ ಹೆಲ್ಮೆಟ್. ನಮ್ಮ ಮನೆಯಲ್ಲಿ ಕೂತು ಇಡ್ಲಿ ತಿಂದು, ಇನ್ನೂ ಚಟ್ನಿ ಇದೆಯಾ ಎಂದು ಕೇಳಿ ಹೋಗಿದ್ದ ಹುಡುಗಿ. ಸುತ್ತ ಕುಣಿಯುತ್ತಿದ್ದ ಉಳಿದ ಹುಡುಗಿಯರನ್ನೂ ಮೈದಾನವನ್ನೂ ಯಾರೋ ನೀಟಾಗಿ ಕತ್ತರಿಸಿ ತೆಗೆದಿದ್ದರು.

ಅಣ್ಣನಿಗೆ ಅದನ್ನು ಟೀ ಅಂಗಡಿಯಲ್ಲಿ ಯಾರೋ ತೋರಿಸಿದರಂತೆ. ಮನೆಗೆ ಬಂದವನೇ ಹಾಕಿ ಕೋಲನ್ನು ಅಟ್ಟಕ್ಕೆ ಎಸೆದ. ಚೆನ್ನೈ ಇಲ್ಲ, ಏನೂ ಇಲ್ಲ ಎಂದ. ನಾನು ಓಡಿದೆ.

"ಅಣ್ಣಾ, ಅದು ಜೆಬಾ ಕಣೋ!"

"ನಂಗೊತ್ತು. ಪೇಚಿ ಹೇಳಿದ್ಲು."

"ಮತ್ತಿನ್ನೇನು?"

"ನಂಗೊತ್ತಾದ್ರೆ ಸಾಕಾ? ಬೀದಿಗೆ ಗೊತ್ತಾಗ್ಬೇಡ್ವಾ? ಆ ಹುಡುಗೀನ ಹೆಲ್ಮೆಟ್ ಹಾಕಿಸಿ ಮನೆಮನೆಗೆ ಕರ್ಕೊಂಡು ಹೋಗ್ಲಾ?"

ಮೈಯೆಲ್ಲ ಉರಿಯಿತು. ಸತ್ಯ ಗೊತ್ತಿದ್ದೂ ಸುಳ್ಳಿಗೆ ಹೆದರುವ ಗಂಡಸಿಗೆ ಏನು ಹೇಳುವುದು? ಪೇಚಿ ಒಲೆಯ ಮುಂದೆ ಕೂತಿದ್ದಳು. ಅಳುತ್ತಿರಲಿಲ್ಲ. ಅತ್ತಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ಮೊದಲು ಶಾಲೆಗೆ ಹೋದೆ. ಬಂದು ಅಣ್ಣನಿಗೆ ಒಂದು ಮಾತು ಹೇಳಿ ಎಂದು ಮುಖ್ಯೋಪಾಧ್ಯಾಯಿನಿಯನ್ನು ಬೇಡಿಕೊಂಡೆ. "ಬರೆದು ಕೊಡಿಮ್ಮಾ, ಮೇಲಕ್ಕೆ ಫಾರ್ವರ್ಡ್ ಮಾಡ್ತೀವಿ" ಅಂದರು. ಅಣ್ಣನ ಮನೆ ಶಾಲೆಯ ಹಿಂದಿನ ಬೀದಿ. ಮೇಲೆ ಯಾರಿದ್ದಾರೋ ಅವರು ಕೆಳಗಿಳಿದು ಬರುವ ಹೊತ್ತಿಗೆ ಪೇಚಿಗೆ ಮೊಮ್ಮಕ್ಕಳಾಗಿರುತ್ತವೆ.

ಸರಿ, ಮುಂದಕ್ಕೆ ಹೋದದ್ದನ್ನು ನಾನು ಹಿಂದಕ್ಕೆ ಹಿಡಿದು ಹೋಗುತ್ತೇನೆ ಎಂದು ಹೊರಟೆ. ಟೀ ಅಂಗಡಿ ಚೆಲ್ಲದುರೈ ಬೋಂಡ ಕರಿಯುತ್ತಿದ್ದ.

"ನಮ್ಮ ಹುಡುಗಿ ಚಿತ್ರ ಊರಿಗೆಲ್ಲ ಹಂಚಿದ್ಯಂತೆ?"

"ಅಯ್ಯೋ ಅಕ್ಕಾ, ನಾನೇನು ಬರೆದ್ನಾ? ಬಂತು, ಫಾರ್ವರ್ಡ್ ಮಾಡಿದೆ ಅಷ್ಟೆ."

"ನಿಂಗೆ ಯಾರು ಕಳಿಸಿದ್ದು? ತೋರಿಸು."

ರೇಷನ್ ಅಂಗಡಿಯ ಪಾಪಾತಿಯಿಂದ ಬಂದಿತ್ತು. ಪಾಪಾತಿ ಎದೆಯ ಮೇಲೆ ಕೈಯಿಟ್ಟಳು. "ನನ್ನ ಮಕ್ಕಳಾಣೆ ಅಕ್ಕಾ, ನಾನು ಸರಿಯಾಗಿ ನೋಡ್ಲೂ ಇಲ್ಲ. ಫಾರ್ವರ್ಡ್ ಮಾಡಿದೆ ಅಷ್ಟೆ."

"ನೋಡದೇ ಇದ್ದದ್ದನ್ನ ಇನ್ನೊಬ್ಬರಿಗೆ ಯಾಕೆ ತೋರಿಸ್ತೀಯೇ? ನಿನ್ನ ಮನೆ ಸಾರನ್ನ ರುಚಿ ನೋಡದೆ ಬಡಿಸ್ತೀಯಾ?"

"ಬಂದದ್ದು ಕಳಿಸಿದ್ರೆ ಅದೇನು ಅಷ್ಟು ದೊಡ್ಡ ತಪ್ಪಾ?" ಎಂದು ಮೂತಿ ತಿರುವಿದಳು.

ನಮ್ಮ ಕಾರ್ಖಾನೆಯಲ್ಲಿ ಕಿಡಿ ಬಿದ್ದರೆ ಹಿಡಿದವಳ ಕೈಯೂ ಸುಡುತ್ತದೆ, ದಾಟಿಸಿದವಳ ಕೈಯೂ ಸುಡುತ್ತದೆ. ಇವರ ಕೈಗಳನ್ನು ನೋಡಿದೆ. ಒಂದು ಬೊಬ್ಬೆಯೂ ಇರಲಿಲ್ಲ. ಒಂದು ಹೆಣ್ಣುಮಗುವಿನ ಬಾಳಿಗೆ ಬೆಂಕಿ ಬಿದ್ದಿದೆ, ಹಚ್ಚಿದವರು ಮಾತ್ರ ಊರಲ್ಲಿ ಒಬ್ಬರೂ ಇಲ್ಲ!

ಪಾಪಾತಿಗೆ ಕಳಿಸಿದ್ದವನು ದರ್ಜಿ ಅಂದೋಣಿ. ನನ್ನನ್ನು ಕಂಡದ್ದೇ ಹೊಲಿಗೆಯಂತ್ರ ನಿಲ್ಲಿಸಿದ.

"ಅಕ್ಕಾ, ಇಲ್ಲಿಗೆ ಬಿಟ್ಬಿಡಿ. ಕೆದಕಿದಷ್ಟೂ ನಾತ."

"ತೋರಿಸೋ."

"ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ."

"ನನ್ನ ಒಳ್ಳೇದು ನಾನು ನೋಡ್ಕೋತೀನಿ, ನೀನು ಫೋನು ತೋರಿಸು!"

ತೋರಿಸಿದ. ಕೈ ದಾಟಿ ಬಂದ ಚಿತ್ರವಾದರೆ ಮೇಲೆ ಪುಟ್ಟ ಬಾಣದ ಗುರುತು ಇರುತ್ತದಂತೆ. ಚೆಲ್ಲದುರೈಯ ಫೋನಿನಲ್ಲಿ ಇತ್ತು, ಪಾಪಾತಿಯ ಫೋನಿನಲ್ಲೂ ಇತ್ತು. ಇದರ ಮೇಲೆ ಬಾಣ ಇರಲಿಲ್ಲ. ಕಳಿಸಿದವನ ಹೆಸರು ಇತ್ತು, ಪಕ್ಕದಲ್ಲಿ ಕಪ್ಪು ಕನ್ನಡಕ ಹಾಕಿದ ನನ್ನ ಮಗನ ಮುಖ ಇತ್ತು.

ಅಂದೋಣಿ ನೀರು ಕೊಟ್ಟ. ಕುಡಿದೆನೋ ಇಲ್ಲವೋ ನೆನಪಿಲ್ಲ.

ಮಣಿ ಮನೆಯಲ್ಲಿ ಊಟಕ್ಕೆ ಕೂತಿದ್ದ. ತಟ್ಟೆ ಎಳೆದುಕೊಂಡೆ.

"ನೀನೇ ಏನೋ?"

ಸುಳ್ಳು ಹೇಳಲಿಲ್ಲ, ಅಷ್ಟರ ಮಟ್ಟಿಗೆ ನನ್ನ ಮಗ. "ತಮಾಷೆಗೆ ಬರೆದೆ ಅಮ್ಮಾ. ಇಷ್ಟು ದೂರ ಹೋಗುತ್ತೆ ಅಂದ್ಕೊಂಡಿರ್ಲಿಲ್ಲ."

"ತಮಾಷೆಗಾ?"

ತಲೆ ತಗ್ಗಿಸಿದ. "ಚೆನ್ನೈಗೆ ಹೋದ್ರೆ ವಾಪಸ್ ಬರ್ತಾಳಾ? ಬಂದ್ರೂ ಫ್ಲೆಕ್ಸ್ ಅಂಗಡಿಯವನನ್ನ ಕಟ್ಕೋತಾಳಾ? ನಂಗೆ ಹಕ್ಕಿಲ್ವಾ?"

ಕೈ ತಾನಾಗಿ ಎದ್ದಿತು. ಮೀಸೆ ಬಂದ ಮೇಲೆ ಅವನಿಗೆ ನಾನು ಹೊಡೆದದ್ದು ಅದೇ ಮೊದಲು. ಎಂಜಲು ಕೈಯಲ್ಲೇ ಅವನನ್ನು ಎಬ್ಬಿಸಿ ಅಣ್ಣನ ಮನೆಗೆ ನಡೆಸಿಕೊಂಡು ಹೋದೆ.

ಅಣ್ಣ ಎಲ್ಲ ಕೇಳಿಸಿಕೊಂಡ. ಎದ್ದು ಬಂದು ಅವನನ್ನು ನಾಲ್ಕು ತದುಕುತ್ತಾನೆ, ನಾನೇ ಅಡ್ಡ ಬರಬೇಕಾಗುತ್ತದೆ ಎಂದುಕೊಂಡಿದ್ದೆ. ಅವನು ಉಸಿರು ಬಿಟ್ಟ. ಮುಖ ಹಗುರವಾಯಿತು.

"ನಮ್ಮ ಹುಡುಗನೇನಾ! ಹೊರಗಿನವನಲ್ಲ ಬಿಡು. ಹುಡುಗುಬುದ್ಧಿ. ಆಸೆಗೆ ಮಾಡಿದಾನೆ. ಬೀದಿ ಬಾಯಿ ಮುಚ್ಚಿಸೋಕೆ ಒಂದೇ ದಾರಿ. ಪೊಂಗಲ್ ಬರೋ ತೈ ತಿಂಗಳಲ್ಲಿ ಇಬ್ರಿಗೂ ಮದುವೆ ಮಾಡಿಬಿಡೋಣ."

ಅತ್ತಿಗೆಯೂ ಸೆರಗಿನಿಂದ ಕಣ್ಣೊರೆಸಿಕೊಂಡು ತಲೆಯಾಡಿಸಿದಳು. ನಾನು ಮಣಿಯ ಕಡೆ ತಿರುಗಿದೆ. ನನ್ನ ಐದು ಬೆರಳೂ ಮೂಡಿದ್ದ ಆ ಕೆನ್ನೆಯಲ್ಲಿ, ತುಟಿಯ ತುದಿಗೆ, ಒಂದು ನಗು ಎದ್ದು ಬರುತ್ತಿತ್ತು.

ಆ ನಗು ನೋಡಿ ನಾನು ಮನುಷ್ಯಳಾಗಿ ಉಳಿಯಲಿಲ್ಲ.

"ಏನಂದೆ ಅಣ್ಣಾ? ಕಲ್ಲು ಹೊಡೆದು ಕೊಡ ಒಡೆದವನಿಗೇ ಬಾವಿ ಬರೆದು ಕೊಡ್ತೀಯಾ? ಇವನು ಇಷ್ಟೆಲ್ಲ ಮಾಡಿದ್ದೇ ಅದಕ್ಕಲ್ವೇನೋ! ಕೇಳಿಸ್ಕೋ. ಗಂಡಿನ ಕಡೆಯವಳು ನಾನು. ಗಂಡು ಹೆತ್ತವಳು ನಾನು. ಈ ಸಂಬಂಧ ನಂಗೆ ಬೇಡ. ಹೆಣ್ಣಲ್ಲಿ ಊನ ಇಲ್ಲ, ಗಂಡಲ್ಲಿ ಇದೆ. ನನ್ನ ಮಗನಿಗೆ ಹೆಣ್ಣು ಕೊಡಬೇಡಿ ಅಂತ ಹೆತ್ತ ತಾಯಿ ಬಾಯಿಬಿಟ್ಟು ಹೇಳ್ತಿದೀನಿ."

ಕಡ್ಡಿ ಮುರಿದ ಹಾಗೆ ಹೇಳಿದೆ. ಆಗ ಪೇಚಿ ಒಲೆಯ ಮುಂದಿನಿಂದ ಎದ್ದು ಬಂದಳು.

"ಭಾವ, ಆ ಚಿತ್ರ ನಿಂಗೆ ಕಳಿಸಿದ್ದು ನಾನೇ. ಗೆದ್ದ ತಕ್ಷಣ ಮೊದಲು ನಿಂಗೇ ಕಳಿಸಿದ್ದು. ದೊಡ್ಡದಾಗಿ ಪ್ರಿಂಟ್ ಹಾಕ್ಕೊಡ್ತೀಯ ಅಂತ."

ಬೈಯಲಿಲ್ಲ, ಕೂಗಲಿಲ್ಲ. ಮಣಿಯ ತುಟಿಯ ಮೇಲಿದ್ದ ನಗು ಸತ್ತುಹೋಯಿತು. ನನ್ನ ಏಟಿಗೆ ಬಾರದ ನೀರು ಅವನ ಕಣ್ಣಿಗೆ ಬಂತು.

ಮೊದಲು ಮಣಿಯ ಕೈಯಲ್ಲಿ ಫೋನಿನಲ್ಲೇ ಸತ್ಯ ಬರೆಸಿದೆ. "ಕತ್ತರಿಸಿದವನು ನಾನು, ಹೆಲ್ಮೆಟ್ ಹಾಕಿದವಳು ಗೋಲ್‌ಕೀಪರ್ ಜೆಬಾ" ಎಂದು ಪೂರ್ತಿ ಚಿತ್ರದ ಜೊತೆ ಎಲ್ಲರಿಗೂ ಕಳಿಸಿದ. ಎಲ್ಲರೂ ನೋಡಿದರು, ನೋಡಿದ ಗುರುತು ಬಿತ್ತು. ಒಬ್ಬರೂ ಮುಂದಕ್ಕೆ ಕಳಿಸಲಿಲ್ಲ. ಚೆಲ್ಲದುರೈಯನ್ನು ಕೇಳಿದರೆ, "ಅದರಲ್ಲಿ ಉಪ್ಪಿಲ್ಲ ಖಾರ ಇಲ್ಲ ಅಕ್ಕಾ, ಯಾರು ಕಳಿಸ್ತಾರೆ?" ಎಂದ.

"ನಡಿ ಅಂಗಡಿಗೆ" ಅಂದೆ ಮಣಿಗೆ. "ಫ್ಲೆಕ್ಸ್ ಹಾಕು."

ಶುಕ್ರವಾರ ಬೆಳಗ್ಗೆ ನಮ್ಮ ಬೀದಿಯ ಮೂಲೆಯಲ್ಲಿ ಫ್ಲೆಕ್ಸ್ ಎದ್ದಿತು. ಪೂರ್ತಿ ಚಿತ್ರ: ಮೈದಾನ, ಕುಣಿಯುವ ಹುಡುಗಿಯರು, ನಡುವೆ ಪೇಚಿ ಮತ್ತು ಜೆಬಾ, ಜೆಬಾಳ ಹೆಸರು ದಪ್ಪಕ್ಷರದಲ್ಲಿ. ಮೇಲೆ "ಚೆನ್ನೈಗೆ ಹೊರಟ ನಮ್ಮ ಫಾರ್ವರ್ಡ್ ಪೇಚಿಗೆ ಶುಭಾಶಯ". ಕೆಳಗೆ ಹಾರೈಸುವವರ ಮುಖಗಳನ್ನು ಸಾಲಾಗಿ ಹಾಕುವ ಜಾಗದಲ್ಲಿ ಒಂದೇ ಮುಖ. ಮಣಿಯದು. "ಈ ಚಿತ್ರ ಕತ್ತರಿಸಿ ಕೆಟ್ಟ ಸಾಲು ಬರೆದವನು" ಎಂದು ತಾನೇ ಅಕ್ಷರ ಜೋಡಿಸಿದ್ದ. "ಬೀದೀಲಿ ತಲೆ ಎತ್ತೋಕಾಗಲ್ಲಮ್ಮಾ" ಎಂದಿದ್ದ. "ಸ್ವಲ್ಪ ದಿನ ತಗ್ಗಿಸು, ಸಾಯಲ್ಲ" ಎಂದಿದ್ದೆ. ಹಗ್ಗವನ್ನೂ ಅವನೇ ಕಟ್ಟಿದ.

ಅಣ್ಣ ಹಾಲು ತರಲು ಹೋದವನು ಅದರ ಮುಂದೆ ಬಹಳ ಹೊತ್ತು ನಿಂತಿದ್ದನಂತೆ. ಮನೆಗೆ ಬಂದು ಏಣಿ ಇಟ್ಟು ಅಟ್ಟ ಹತ್ತಿದ, ಕೋಲು ಇಳಿಸಿದ, ಅದರ ಧೂಳನ್ನು ತನ್ನ ಪಂಚೆಯಲ್ಲೇ ಒರೆಸಿದ. ಸಂಜೆ ಅವಳ ಚೀಲ ಹೊತ್ತು ರೈಲು ಹತ್ತಿದವನೂ ಅವನೇ. ಕಿಟಕಿಯಿಂದ ಪೇಚಿ ನನ್ನ ಕೈ ಹಿಡಿದು, "ಭಾವನಿಗೆ ಊಟ ಹಾಕು ಅತ್ತೆ" ಅಂದಳು. ಆಗ ಅತ್ತುಬಿಟ್ಟೆ, ಅವಳ ಎದುರಿಗೇ.

ಸ್ಟೇಷನ್ನಿನಿಂದ ಬರುತ್ತಾ ಚೆಲ್ಲದುರೈಯ ಅಂಗಡಿಯಲ್ಲಿ ಒಣಶುಂಠಿ ಹಾಕಿದ ಒಂದು ಸುಕ್ಕು ಕಾಫಿ ಕೇಳಿದೆ. ಬೆಂಚಿನ ಮೇಲಿದ್ದವರೆಲ್ಲ ಫೋನಿನಲ್ಲಿ ಬಗ್ಗಿ ಕಿಸಿಕಿಸಿ ನಗುತ್ತಿದ್ದರು. ನನ್ನನ್ನು ಕಂಡು ನಗು ನಿಂತಿತು. ಒಬ್ಬನ ಕೈಯಿಂದ ಫೋನು ಕಿತ್ತುಕೊಂಡೆ.

ನಮ್ಮ ಫ್ಲೆಕ್ಸ್. ಆದರೆ ಮೈದಾನ ಇಲ್ಲ, ಪೇಚಿ ಇಲ್ಲ, ಜೆಬಾ ಇಲ್ಲ. ಎಲ್ಲ ಕತ್ತರಿಸಿ ನನ್ನ ಮಗನ ಮುಖ ಒಂದನ್ನೇ ಉಳಿಸಿದ್ದರು. ಕೆಳಗೆ ಹೊಸ ಸಾಲು: "ಹೆತ್ತ ತಾಯಿಯೇ ಮಸಿ ಬಳಿದ ಮುಖ!" ಮೇಲೆ ಪುಟ್ಟ ಬಾಣ.

ಅವನ ಮುಖವನ್ನು ಅಲ್ಲಿ ಹಾಕಿಸಿದವಳು ನಾನು, ಅದು ನನ್ನ ಹಕ್ಕು. ಇವರಿಗೆ ಬೇಕಾದದ್ದು ಸತ್ಯವೂ ಅಲ್ಲ, ಸುಳ್ಳೂ ಅಲ್ಲ. ನೆಕ್ಕುವುದಕ್ಕೆ ಒಂದು ಮುಖ ಬೇಕು. ಮೊನ್ನೆ ಅವಳದ್ದು, ಇವತ್ತು ಇವನದ್ದು.

"ಚೆಲ್ಲದುರೈ, ಇದನ್ನ ನೀನೂ ಕಳಿಸ್ದೆಯಾ?"

ಅವನು ಕಾಫಿ ಆರಿಸುತ್ತಾ ನನ್ನ ಮುಖ ನೋಡದೆ ಹೇಳಿದ. "ನಾನೇನು ಕತ್ತರಿಸಿದ್ನಾ ಅಕ್ಕಾ? ಬಂತು, ಫಾರ್ವರ್ಡ್ ಮಾಡಿದೆ ಅಷ್ಟೆ."

ಕಾಫಿ ಮುಟ್ಟಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿದೆ.

"ನಿಂಗೆ ಯಾರು ಕಳಿಸಿದ್ದು? ತೋರಿಸು."